‘ಅವರಿಗೋಸ್ಕರ’: ಕ್ರೈಸ್ತ ಮಕ್ಕಳ ಪ್ರಾರ್ಥನೆಯಲ್ಲಿ ಅನ್ಯಮತೀಯರು

ಫ್ರಾನ್ಸಿನ ನಾನ್ಸಿ ನಗರದ ಬಿಷಪ್ ಷಾರ್ಲ್ ದ ಫೋರ್ಬ್ಯಾಂ-ಜಾನ್ಸೋಂ 1843ರಲ್ಲಿ ಪ್ಯಾರಿಸಿನಲ್ಲಿ ಮಕ್ಕಳದೇ ಆದ ಒಂದು ಸಂಘವನ್ನು ಸ್ಥಾಪಿಸಿದರು. ‘ಪವಿತ್ರ ಬಾಲ್ಯ’ ಎಂಬ ಹೆಸರಿನ ಆ ಸಂಘ ಮಕ್ಕಳ ಮುಂದೆ ಇಟ್ಟ ಬೇಡಿಕೆ ಅತ್ಯಲ್ಪ: ದಿನಕ್ಕೊಂದು ‘ನಮೋ ಮರಿಯಾ’ ಪ್ರಾರ್ಥನೆ, ತಿಂಗಳಿಗೊಂದು ಐದು ಸಾಂಟೀಮಿನ ನಾಣ್ಯ. ಯೇಸುವಿನ ಬಾಲ್ಯದ ಹನ್ನೆರಡು ವರ್ಷಗಳ ನೆನಪಿಗೆಂದು ಮಕ್ಕಳನ್ನು ಹನ್ನೆರಡು ಜನರ ಗುಂಪುಗಳಾಗಿ ವಿಂಗಡಿಸಲಾಯಿತು. ಆ ಪ್ರಾರ್ಥನೆ ಮತ್ತು ಆ ನಾಣ್ಯ ಎರಡೂ ಸಲ್ಲುತ್ತಿದ್ದುದು ಚೀನಾದಲ್ಲಿ ಹೆತ್ತವರು ತೊರೆದ ಶಿಶುಗಳಿಗೆ. ಮೊದಲು ಅವುಗಳ ಸ್ನಾನದೀಕ್ಷೆಗೆ, ಬದುಕುಳಿದರೆ ಪಾಲನೆಗೆ. ಸ್ಥಾಪಕರು ಮರುವರ್ಷವೇ ತೀರಿಕೊಂಡರೂ ಸಂಘ ಯುರೋಪಿನಾದ್ಯಂತ ಹಬ್ಬಿತು. ಲಿಸಿಯೂ ಊರಿನ ತೆರೇಸಾ ತನ್ನ ಬಾಲ್ಯದಲ್ಲಿ ಅದರ ಸದಸ್ಯೆಯಾಗಿದ್ದರು. 1922ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಅದಕ್ಕೆ ಪೋಪ್ ಪೀಠದ ಅಧಿಕೃತ ಸಂಸ್ಥೆಯ ಸ್ಥಾನವನ್ನು ನೀಡಿದರು.

ಕ್ರೈಸ್ತ ಮಕ್ಕಳು ತಮ್ಮ ಮತದವರಲ್ಲದವರ ಸಲುವಾಗಿ ಪ್ರಾರ್ಥಿಸಬೇಕೆಂಬ ಬೋಧನೆಗೆ ಆಧುನಿಕ ಕಾಲದಲ್ಲಿ ಸಂಘಟಿತ ರೂಪ ಬಂದುದು ಇಂತಹ ಪ್ರಯತ್ನಗಳಿಂದ.  ಎಂಟು ವರ್ಷದ ಹುಡುಗಿಯ ದಿನಚರಿಯಲ್ಲಿ ತಾನೆಂದೂ ಕಾಣದ ದೇಶದ, ತಾನರಿಯದ ಮತದ ಶಿಶುವೊಂದಕ್ಕೆ ಖಾಯಂ ಸ್ಥಾನ ದೊರೆತದ್ದು ಹೊಸ ಸಂಗತಿ. ಅದರಲ್ಲಿ ನಿಜವಾದ ಕರುಣೆಯಿತ್ತು. ತನ್ನ ಮನೆ, ತನ್ನ ಊರು, ತನ್ನ ರಾಜ ಎಂಬ ವೃತ್ತದಾಚೆಗೂ ಮನಸ್ಸನ್ನು ಚಾಚುವ ಅಭ್ಯಾಸವಿತ್ತು. ಆದರೆ ಆ ಶಿಶುವಿನ ಚಿತ್ರವನ್ನು ಬಿಡಿಸುತ್ತಿದ್ದವರು ಬೇರೆಯವರು. ಸಂಘದ ವಾರ್ತಾಪತ್ರಗಳಲ್ಲಿ ಚೀನಾದ ತಾಯಿ ಎಂದರೆ ಮಗುವನ್ನು ಎಸೆಯುವವಳು. ಅದರಾಚೆ ಆಕೆಗೆ ಮುಖವಿರಲಿಲ್ಲ.

ಈ ಮಕ್ಕಳ ನಾಣ್ಯಗಳು ತಲುಪಿದ ಕಡೆಯಲ್ಲಿ ಏನಾಯಿತೆಂಬುದನ್ನೂ ಇದರೊಡನೆಯೇ ಓದಬೇಕು. ಟಿಯಾಂಜಿನ್ ನಗರದ ಫ್ರೆಂಚ್ ಸಂನ್ಯಾಸಿನಿಯರು ಅನಾಥ ಶಿಶುಗಳನ್ನು, ಅದರಲ್ಲೂ ರೋಗಪೀಡಿತ ಶಿಶುಗಳನ್ನು ತಂದೊಪ್ಪಿಸಿದವರಿಗೆ ಅಲ್ಪ ಹಣ ಕೊಡುತ್ತಿದ್ದರು. ಸಾಯುವ ಹಂತದ ಮಕ್ಕಳಿಗೆ ದೀಕ್ಷೆ ಕೊಡುವುದು ಅವರ ದೃಷ್ಟಿಯಲ್ಲಿ ಅತ್ಯುನ್ನತ ಸೇವೆ. ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳುತ್ತಿದ್ದುದೇ ಬೇರೆ: ಮಕ್ಕಳು ಒಳಗೆ ಹೋಗುತ್ತಿದ್ದವು, ಶವಪೆಟ್ಟಿಗೆಗಳು ಹೊರಗೆ ಬರುತ್ತಿದ್ದವು. ಮಕ್ಕಳ ಅಪಹರಣದ ವದಂತಿ ಹಬ್ಬಿ, 1870ರ ಜೂನ್ 21ರಂದು ಜನಸ್ತೋಮ ಕ್ರೈಸ್ತ ನೆಲೆಗಳ ಮೇಲೆ ಎರಗಿತು. ಫ್ರೆಂಚ್ ಕಾನ್ಸುಲ್, ಹತ್ತು ಮಂದಿ ಸಂನ್ಯಾಸಿನಿಯರು ಮತ್ತು ಹಲವು ಚೀನೀ ಕ್ರೈಸ್ತರು ಕೊಲೆಯಾದರು. ಫ್ರಾನ್ಸಿನ ಮಕ್ಕಳಿಗೆ ಈ ಘಟನೆ ಹುತಾತ್ಮರ ಕಥೆಯಾಗಿ ಮಾತ್ರ ಮುಟ್ಟಿತು. ತಮ್ಮ ಪ್ರಾರ್ಥನೆಯ ಇನ್ನೊಂದು ತುದಿಯಲ್ಲಿದ್ದವರು ಅದನ್ನು ಹೇಗೆ ಕಂಡರೆಂಬುದನ್ನು ಆ ಮಕ್ಕಳಿಗೆ ಹೇಳುವವರು ಯಾರೂ ಇರಲಿಲ್ಲ.

ಪ್ರಾಟೆಸ್ಟಂಟ್ ಲೋಕದಲ್ಲಿಯೂ ಇದೇ ದಶಕ ಮಕ್ಕಳ ದಶಕ. ಲಂಡನ್ ಮಿಷನ್ ಸೊಸೈಟಿ 1844ರಲ್ಲಿ ಮಕ್ಕಳಿಗೆಂದೇ ಮಾಸಪತ್ರಿಕೆಯೊಂದನ್ನು ಆರಂಭಿಸಿತು. ಅದೇ ವರ್ಷ ಬ್ರಿಟನ್ನಿನ ಮಕ್ಕಳು ಪೆನ್ನಿಗೆ ಪೆನ್ನಿ ಕೂಡಿಸಿ ಆರು ಸಾವಿರ ಪೌಂಡುಗಳಿಗೂ ಹೆಚ್ಚು ಹಣ ಸಂಗ್ರಹಿಸಿದರು. ಆ ಹಣದಿಂದ ‘ಜಾನ್ ವಿಲಿಯಮ್ಸ್’ ಎಂಬ ಹಡಗು ನಿರ್ಮಾಣವಾಗಿ ಪೆಸಿಫಿಕ್ ದ್ವೀಪಗಳತ್ತ ಹೊರಟಿತು. ಈ ಸೊಸೈಟಿ ಕನ್ನಡಕ್ಕೆ ಅಪರಿಚಿತವಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅದರ ಪ್ರತಿನಿಧಿ. ಸಂಪೂರ್ಣ ಕನ್ನಡ ಬೈಬಲ್ 1831ರ ಹೊತ್ತಿಗೆ ಮುಗಿದುದು ಅವರ ಮತ್ತು ವಿಲಿಯಂ ರೀವ್ ಅವರ ಶ್ರಮದಿಂದ. ಅಂದಿನ ಬಳ್ಳಾರಿ ಜಿಲ್ಲೆಯೆಂದರೆ ಆದವಾನಿ, ಆಲೂರು, ರಾಯದುರ್ಗಗಳನ್ನೂ ಒಳಗೊಂಡ ಸೀಮೆ. 1953ರ ಅಕ್ಟೋಬರಿನಲ್ಲಿ ಆ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದರೆ ಗಡಿಯಾಚೆಗಿನ ಈ ಕನ್ನಡ ನಾಡು, ಇಂಗ್ಲೆಂಡಿನ ಭಾನುವಾರದ ಶಾಲೆಗಳ ಮಕ್ಕಳು ಕಣ್ಣು ಮುಚ್ಚಿ ನೆನೆಯುತ್ತಿದ್ದ ‘ದೂರದ ಅಜ್ಞಾನಿ ದೇಶ’ಗಳ ಪಟ್ಟಿಯಲ್ಲಿ ಒಂದಾಗಿತ್ತು.

ಕನ್ನಡಕ್ಕೆ ಇನ್ನೂ ಹತ್ತಿರದ ಸಂಬಂಧವುಳ್ಳದ್ದು ಬಾಸೆಲ್. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಮುಖಪತ್ರ 1828ರಲ್ಲಿ ಹೊರಟಿತು. ಅದರ ಹೆಸರಿನಲ್ಲಿಯೇ ‘ಹೈಡನ್’, ಎಂದರೆ ಕ್ರೈಸ್ತರೂ ಯೆಹೂದ್ಯರೂ ಅಲ್ಲದ ‘ಅಜ್ಞಾನಿಗಳು’, ಎಂಬ ಪದವಿತ್ತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದ ನಂತರ ಕನ್ನಡ ಕರಾವಳಿಯ ವರದಿಗಳು ಸ್ವಿಟ್ಸರ್ಲೆಂಡ್ ಮತ್ತು ವ್ಯೂರ್ಟೆಂಬರ್ಗಿನ ಮನೆಗಳನ್ನು ಸೇರತೊಡಗಿದವು. 1855ರಲ್ಲಿ ಬಾಸೆಲಿನ ರೇಷ್ಮೆಪಟ್ಟಿಯ ಉದ್ಯಮಿ ಕಾರ್ಲ್ ಸಾರಾಸಿನ್ ‘ಅರ್ಧ ಬಾಟ್ಸನ್ ಕಾಣಿಕೆ’ಯ ಪದ್ಧತಿಯನ್ನು ಜಾರಿಗೆ ತಂದರು. ಬಾಟ್ಸನ್ ಹಳೆಯ ಸ್ವಿಸ್ ನಾಣ್ಯ. ಅದರ ಅರ್ಧವನ್ನು ವಾರಕ್ಕೊಮ್ಮೆ ಕೊಡುವುದು ಬಡವರ ಮನೆಗೂ ಸಾಧ್ಯವಿತ್ತು. ಮಂಗಳೂರಿನ ಮುದ್ರಣಾಲಯಕ್ಕೂ ಕಿಟ್ಟೆಲ್ಲರ ನಿಘಂಟಿಗೂ ಹಿನ್ನೆಲೆಯಾಗಿ ನಿಂತ ಸಂಸ್ಥೆಯ ಬೊಕ್ಕಸಕ್ಕೆ ಇಂತಹ ಚಿಲ್ಲರೆ ಕಾಸೂ ಹರಿದು ಬರುತ್ತಿತ್ತು. ಕನ್ನಡ ವಿದ್ವತ್ತಿನ ಇತಿಹಾಸ ಬರೆಯುವವರು ಈ ಋಣವನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೂ ತರುವುದಿಲ್ಲ.

ಮಕ್ಕಳ ಪಾಲಿಗೆ ಈ ಕಾಣಿಕೆಯ ಅತ್ಯಂತ ಪರಿಚಿತ ರೂಪ ತಲೆಯಾಡಿಸುವ ಡಬ್ಬಿ. ಜರ್ಮನ್ ಭಾಷೆಯ ನಾಡುಗಳ ಭಾನುವಾರದ ಶಾಲೆಗಳಲ್ಲಿ ಇಂತಹ ಡಬ್ಬಿಗಳು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಬಳಕೆಯಲ್ಲಿದ್ದವು. ಅದರ ಮೇಲೆ ಮಂಡಿಯೂರಿ ಕೈಮುಗಿದ ಒಂದು ಬೊಂಬೆ; ಹೆಚ್ಚಾಗಿ ಆಫ್ರಿಕದ ಮಗುವಿನದು. ಕಿಂಡಿಯಲ್ಲಿ ನಾಣ್ಯ ಹಾಕಿದೊಡನೆ ಬೊಂಬೆ ತಲೆ ಬಾಗಿಸಿ ಕೃತಜ್ಞತೆ ಸೂಚಿಸುತ್ತಿತ್ತು. ಈ ಆಟಿಕೆ ಕಲಿಸಿದ ಪಾಠ ಯಾವ ಪುಸ್ತಕವೂ ಕಲಿಸಲಾರದಷ್ಟು ಗಾಢವಾದುದು: ಕೊಡುವವನು ನಿಂತಿದ್ದಾನೆ, ಪಡೆಯುವವನು ಮಂಡಿಯೂರಿದ್ದಾನೆ; ಪಡೆಯುವವನಿಗೆ ಬರುವ ಒಂದೇ ಉತ್ತರ ತಲೆಯಾಡಿಸುವುದು. ಮಗು ಪ್ರಾರ್ಥನೆಯನ್ನು ಕೇವಲ ಮಾತಿನಿಂದ ಕಲಿಯುವುದಿಲ್ಲ, ಭಂಗಿಯಿಂದಲೂ ಕಲಿಯುತ್ತದೆ. ಇಲ್ಲಿ ಪ್ರಾರ್ಥನೆಯ ಭಂಗಿಯಲ್ಲಿ ಇದ್ದದ್ದು ಬೊಂಬೆಯೇ ಹೊರತು ಮಗುವಲ್ಲ.

ಮಕ್ಕಳಿಗಾಗಿ ಬರೆದವರೆಲ್ಲರೂ ಒಂದೇ ಬಗೆಯವರೆಂದು ತೀರ್ಮಾನಿಸುವುದು ಸರಿಯಲ್ಲ. ವ್ಯೂರ್ಟೆಂಬರ್ಗಿನ ಕಾಲ್ವ್ ಎಂಬ ಪುಟ್ಟ ಊರಿನಲ್ಲಿ ಕ್ರಿಸ್ಟಿಯಾನ್ ಗೊಟ್ಲೋಬ್ ಬಾರ್ಟ್ ಎಂಬ ಪಾದ್ರಿ ಪ್ರಕಾಶನ ಸಂಘವೊಂದನ್ನು ನಡೆಸಿ, ಮಕ್ಕಳ ಬೈಬಲ್ ಕಥೆಗಳನ್ನೂ ಮಿಷನ್ ಪತ್ರಿಕೆಯನ್ನೂ ಎಳೆಯರ ಪತ್ರಿಕೆಯನ್ನೂ ಹೊರಡಿಸುತ್ತಿದ್ದರು. ಅವರ ಕಥೆಗಳು ಹಲವಾರು ಭಾಷೆಗಳಿಗೆ ಹೋದವು. 1862ರಲ್ಲಿ ಬಾರ್ಟ್ ತೀರಿಕೊಂಡ ಮೇಲೆ ಆ ಸಂಘದ ಹೊಣೆ ಹೊತ್ತವರು, ತಲಶ್ಶೇರಿಯಲ್ಲಿ ಹಲವು ವರ್ಷ ಕಳೆದು ಮಲಯಾಳಂ ನಿಘಂಟನ್ನು ರಚಿಸಿದ ಹೆರ್ಮನ್ ಗುಂಡರ್ಟ್. ಭಾರತೀಯ ಭಾಷೆಯೊಂದನ್ನು ಒಳಹೊಕ್ಕು ಬಲ್ಲ, ಅದರಲ್ಲಿ ಕನಸು ಕಾಣಬಲ್ಲಷ್ಟು ಬಲ್ಲ ವ್ಯಕ್ತಿಯ ಕೈಗೆ ಜರ್ಮನ್ ಮಕ್ಕಳ ಓದು ಬಂದಿತ್ತು. ದೂರದವರನ್ನು ಕುರಿತ ಪ್ರಾರ್ಥನೆಯಲ್ಲಿ ಅರಿವಿನ ಪಾಲು ಎಷ್ಟು, ಅನುಕಂಪದ ಪಾಲು ಎಷ್ಟು ಎಂಬ ಪ್ರಶ್ನೆಗೆ ಇಂತಹ ವ್ಯಕ್ತಿಗಳ ಬರಹಗಳೇ ಒರೆಗಲ್ಲು.

ಈ ಎಲ್ಲ ಹೊಸತನದ ಕೆಳಗೆ ಬಹು ಹಳೆಯ ಪದರವೊಂದಿದೆ. ಯೆರೆಮೀಯನ ಪುಸ್ತಕದಲ್ಲಿ ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಬರುವ ಆದೇಶ, ತಾವು ಸೆರೆಯಾಳುಗಳಾಗಿರುವ ಅನ್ಯರ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕೆಂಬುದು. ತಿಮೊಥೆಯನಿಗೆ ಬರೆದ ಮೊದಲ ಪತ್ರ ಎಲ್ಲ ಮನುಷ್ಯರಿಗೂ, ಅಂದಿನ ಅಕ್ರೈಸ್ತ ಅರಸರಿಗೂ ವಿಜ್ಞಾಪನೆ ಸಲ್ಲಬೇಕೆನ್ನುತ್ತದೆ. ಈ ಎರಡು ಕಡೆಯೂ ಪ್ರಾರ್ಥಿಸುವವರು ಅಲ್ಪಸಂಖ್ಯಾತರು, ಅಧಿಕಾರವಿಲ್ಲದವರು. ಐದನೆಯ ಶತಮಾನದ ಅಕ್ವಿಟೇನಿನ ಪ್ರಾಸ್ಪರ್, ಸಭೆಯು ಅವಿಶ್ವಾಸಿಗಳಿಗೂ ವಿಗ್ರಹಾರಾಧಕರಿಗೂ ಯೆಹೂದ್ಯರಿಗೂ ಪಾಷಂಡಿಗಳಿಗೂ ಪ್ರಾರ್ಥಿಸುವ ವಾಡಿಕೆಯನ್ನು ದಾಖಲಿಸುವಾಗ ಸ್ಥಿತಿ ಬದಲಾಗಿತ್ತು. ಆ ಹೊತ್ತಿಗೆ ಸಾಮ್ರಾಜ್ಯವೇ ಕ್ರೈಸ್ತವಾಗಿತ್ತು. ಶುಭ ಶುಕ್ರವಾರದ ಲ್ಯಾಟಿನ್ ವಿಜ್ಞಾಪನೆಗಳು ಈ ಎರಡನೆಯ ಹಂತದ ಕೂಸು. ಪ್ರತಿಯೊಂದು ವಿಜ್ಞಾಪನೆಗೂ ಮೊಣಕಾಲೂರುವ ಸಭೆ ಯೆಹೂದ್ಯರ ಸರದಿ ಬಂದಾಗ ಮಾತ್ರ ಊರುತ್ತಿರಲಿಲ್ಲ. ಲ್ಯಾಟಿನ್ ಅರಿಯದ ಹಳ್ಳಿಯ ಮಗುವಿಗೂ ಈ ವ್ಯತ್ಯಾಸ ಕಾಣುತ್ತಿತ್ತು. 1662ರ ಆಂಗ್ಲಿಕನ್ ಸಾಮಾನ್ಯ ಪ್ರಾರ್ಥನಾ ಪುಸ್ತಕವೂ ಅದೇ ದಿನದ ಪ್ರಾರ್ಥನೆಯಲ್ಲಿ ಯೆಹೂದ್ಯರು, ತುರ್ಕರು, ಅವಿಶ್ವಾಸಿಗಳು, ಪಾಷಂಡಿಗಳು ಎಂಬ ನಾಲ್ಕು ವರ್ಗಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸಿ ಅವರ ಅಜ್ಞಾನ ಮತ್ತು ಹೃದಯಕಾಠಿಣ್ಯಗಳ ನಿವಾರಣೆಯನ್ನು ಬೇಡುತ್ತದೆ.

ಕನ್ನಡದಲ್ಲಿ ಈ ಬೋಧನೆ ನೆಲೆಯೂರಿದಾಗ ವ್ಯಾಕರಣದ ಒಂದು ಸೂಕ್ಷ್ಮ ಎದುರಾಗುತ್ತದೆ. ಚರ್ಚಿನ ಕನ್ನಡದ ಪ್ರಿಯ ಪದ ‘ಗೋಸ್ಕರ’. ‘ಅವರಿಗೋಸ್ಕರ ಪ್ರಾರ್ಥಿಸುವುದು’ ಎಂದರೆ ಅವರ ಹಿತಕ್ಕಾಗಿ. ಅದೇ ಪ್ರತ್ಯಯರೂಪ ಕ್ರಿಯೆಯ ಮೇಲೆ ನಿಂತರೆ ಉದ್ದೇಶವನ್ನು ಹೇಳುತ್ತದೆ: ‘ಅವರು ಕ್ರೈಸ್ತರಾಗುವುದಕ್ಕೋಸ್ಕರ’. ಮೊದಲನೆಯದರಲ್ಲಿ ಕೇಂದ್ರ ಆ ವ್ಯಕ್ತಿ. ಎರಡನೆಯದರಲ್ಲಿ ಆ ವ್ಯಕ್ತಿಗೆ ಆಗಬೇಕಾದ ಬದಲಾವಣೆ. ‘ಪರವಾಗಿ’ ಎಂದರೆ ಅರ್ಥ ಮತ್ತೂ ಬೇರೆ. ವಕೀಲನಂತೆ ಅವರ ಸ್ಥಾನದಲ್ಲಿ ನಿಂತು ಮಾತನಾಡುವುದು. ‘ಅವರೊಡನೆ’ ಎಂಬುದು ನಾಲ್ಕನೆಯ ಸಾಧ್ಯತೆ. ಮಿಷನ್ ಯುಗದ ಮಕ್ಕಳ ಪ್ರಾರ್ಥನೆ ಮೊದಲೆರಡನ್ನು ಬೇರ್ಪಡಿಸಲೇ ಇಲ್ಲ. ಹಿತವೆಂದರೆ ಬದಲಾವಣೆಯೇ ಎಂದು ನಂಬಿದವರಿಗೆ ಬೇರ್ಪಡಿಸುವ ಅಗತ್ಯವೂ ತೋರಲಿಲ್ಲ. ಇದರ ಜೊತೆಗೆ ‘ಅನ್ಯ’ ಎಂಬ ಪದ. ಬೈಬಲಿನ ‘ಅನ್ಯಜನ’ ಮೂಲದಲ್ಲಿ ಇಸ್ರಾಯೇಲೇತರ ಜನಾಂಗಗಳ ಹೆಸರು. ಆ ಲೆಕ್ಕದಲ್ಲಿ ಕರಾವಳಿಯ ಮತ್ತು ಬೆಟ್ಟದ ಕ್ರೈಸ್ತ ಮಗುವೂ ಅನ್ಯಜನವೇ. ಬಳಕೆಯಲ್ಲಿ ಆ ಪದ ನೆರೆಮನೆಯ ಹಿಂದೂ, ಮುಸ್ಲಿಂ, ಜೈನರತ್ತ ಸರಿದು, ಮಗುವಿನ ಅಜ್ಜಿ ಅಜ್ಜಂದಿರನ್ನೂ ಎಷ್ಟೋ ಸಲ ಒಳಗೊಂಡಿತು.

ಅಜ್ಜಿ ಅಜ್ಜಂದಿರ ಈ ಮಾತು ನೀಲಗಿರಿಯಲ್ಲಿ ತೀರ ವಾಸ್ತವ. ನಿವೃತ್ತ ಅಧಿಕಾರಿ ಜಾರ್ಜ್ ಜೇಮ್ಸ್ ಕಸಮೇಜರ್ ಕೇತಿಯಲ್ಲಿ ನೆಲೆಸಿ, ಬಡಗರೊಡನೆ ಮಾತನಾಡಲೆಂದು ಕನ್ನಡ ಕಲಿತು, ಅವರ ಮಕ್ಕಳಿಗೆ ಶಾಲೆ ತೆರೆದು, 1846ರಲ್ಲಿ ಬಾಸೆಲ್ ಮಿಷನ್ನನ್ನು ಅಲ್ಲಿಗೆ ಕರೆಸಿಕೊಂಡರು. 1849ರಲ್ಲಿ ಅವರು ತೀರಿಕೊಂಡಾಗ ಆಸ್ತಿಯ ಬಹುಪಾಲು ಆ ಕಾರ್ಯಕ್ಕೇ ಸಂದಿತು. ಬಡಗ ನುಡಿಯನ್ನು ಕನ್ನಡದ ಒಂದು ರೂಪವೆಂದೇ ಎಣಿಸಿದ ಮಿಷನರಿಗಳು ಶಾಲೆಯಲ್ಲಿಯೂ ಆರಾಧನೆಯಲ್ಲಿಯೂ ಕನ್ನಡವನ್ನು ಬಳಸಿದರು. 1890ರಲ್ಲಿ ಬಡಗ ನುಡಿಯ ಲೂಕನ ಸುವಾರ್ತೆ ಕನ್ನಡ ಲಿಪಿಯಲ್ಲಿಯೇ ಅಚ್ಚಾಯಿತು. ಮತಾಂತರ ಮಾತ್ರ ಬಹಳ ನಿಧಾನವಾಗಿ, ಒಬ್ಬೊಬ್ಬರಾಗಿ, ಕುಟುಂಬಗಳನ್ನು ಸೀಳುತ್ತ ನಡೆಯಿತು. ಇಲ್ಲಿನ ಕ್ರೈಸ್ತ ಮಗು ‘ಅನ್ಯಜನ’ರಿಗೋಸ್ಕರ ಪ್ರಾರ್ಥಿಸುವಾಗ ಅದರ ಮನಸ್ಸಿನಲ್ಲಿ ಮೂಡುವ ಮುಖ ಬೊಂಬೆಯದಲ್ಲ, ಅದೇ ಹಟ್ಟಿಯಲ್ಲಿರುವ ಚಿಕ್ಕಪ್ಪನದು, ಹೆತ್ತೆ ಹಬ್ಬಕ್ಕೆ ಹೊರಟು ನಿಂತ ದೊಡ್ಡಮ್ಮನದು. ಬಾಸೆಲಿನ ಮಗುವಿನ ಬಾಯಲ್ಲಿ ಹಗುರವಾಗಿದ್ದ ವಾಕ್ಯಕ್ಕೆ ಕೇತಿಯ ಮಗುವಿನ ಬಾಯಲ್ಲಿ ಬೇರೆಯೇ ತೂಕ.

ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಇನ್ನೊಬ್ಬರಿಗಾಗಿ ದೇವರಲ್ಲಿ ಮೊರೆಯಿಡುವ ಕಲೆಯನ್ನು ಬಡಗರು ಮಿಷನರಿಗಳಿಂದ ಕಲಿಯಬೇಕಾಗಿರಲಿಲ್ಲ. ಅವರ ಶವಸಂಸ್ಕಾರದಲ್ಲಿ ಹಿರಿಯನೊಬ್ಬ ಸತ್ತವರು ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಎಣಿಸುತ್ತಾನೆ; ನೆರೆದವರು ಪ್ರತಿಯೊಂದಕ್ಕೂ ‘ಅದು ಪಾಪ’ ಎಂದು ದನಿಗೂಡಿಸುತ್ತಾರೆ; ಆ ಭಾರ ಕರುವಿನ ಮೇಲೆ ಸಂದು, ಸತ್ತವರ ದಾರಿ ಹಸನಾಗಲೆಂದು ಬೇಡುತ್ತಾರೆ. ಗಡಿ ಒತ್ತಿದ್ದು, ದನವನ್ನು ಹೊಡೆದದ್ದು, ನೆರೆಯವರ ಮೇಲೆ ಕರುಬಿದ್ದು ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಮಿಷನರಿ ಮೆಟ್ಸ್ ಇದನ್ನು ಮೊದಲಿಗೆ ವಿವರಿಸಿದವರಲ್ಲಿ ಒಬ್ಬರು. ಚಾರ್ಲ್ಸ್ ಗೋವರ್ 1871ರ ತಮ್ಮ ಜನಪದ ಗೀತೆಗಳ ಸಂಕಲನಕ್ಕೆ ಬಡಗ ಹಾಡುಗಳನ್ನೂ ಸೇರಿಸಿದರು. ‘ಪ್ರಾರ್ಥಿಸಲರಿಯದವರು’ ಎಂದು ಯಾರನ್ನು ಕುರಿತು ಯುರೋಪಿನ ಮಕ್ಕಳಿಗೆ ಹೇಳಿಕೊಡಲಾಗುತ್ತಿತ್ತೋ ಅವರು ತಮ್ಮ ಸತ್ತವರಿಗೋಸ್ಕರ ಇಡೀ ಸಮುದಾಯವಾಗಿ ನಿಂತು ಕ್ಷಮೆ ಬೇಡುತ್ತಿದ್ದರು. ಮೆಟ್ಸರ ಟಿಪ್ಪಣಿ ಮತ್ತು ಬಾಸೆಲಿನ ಡಬ್ಬಿ ಒಂದೇ ಸಂಸ್ಥೆಯ ಎರಡು ಮುಖಗಳೆಂಬುದು ಈ ಇತಿಹಾಸದ ವಿಚಿತ್ರ.

ಪ್ರಾರ್ಥನೆಗೆ ಒಳಗಾದವರು ಅದನ್ನು ಕೇಳಿಸಿಕೊಳ್ಳತೊಡಗಿದ್ದು ಇಪ್ಪತ್ತನೆಯ ಶತಮಾನದ ದೊಡ್ಡ ತಿರುವು. ರೆಜಿನಾಲ್ಡ್ ಹೀಬರ್ 1819ರಲ್ಲಿ ರಚಿಸಿದ ಮಿಷನ್ ಗೀತೆ ಇಂಗ್ಲಿಷ್ ಬಲ್ಲ ಜಗತ್ತಿನ ಭಾನುವಾರದ ಶಾಲೆಗಳಲ್ಲಿ ಮಕ್ಕಳಿಗೆ ಬಾಯಿಪಾಠವಾಗಿತ್ತು. ಹೀಬರ್ ಮುಂದೆ ಕಲ್ಕತ್ತೆಯ ಬಿಷಪರಾಗಿ, 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ನಿಧನರಾದರು. ಪ್ರಕೃತಿ ಸುಂದರವಾಗಿರುವ ನಾಡಿನಲ್ಲಿ ಮನುಷ್ಯ ಮಾತ್ರ ನೀಚನೆಂಬ ಅರ್ಥದ ಮಾತು ಅದರಲ್ಲಿದೆ. 1925ರಲ್ಲಿ ಕಲ್ಕತ್ತೆಯಲ್ಲಿ ಮಿಷನರಿಗಳನ್ನು ಉದ್ದೇಶಿಸಿ ಮಾತನಾಡಿದ ಗಾಂಧೀಜಿ, ಆ ಸಾಲುಗಳು ತಮ್ಮಲ್ಲಿ ಚುಚ್ಚಿದ ನೋವು ಎಂದೂ ಮಾಸಲಿಲ್ಲವೆಂದರು. ನೂರು ವರ್ಷ ಮಕ್ಕಳು ಹಾಡಿದ ಹಾಡಿಗೆ, ಹಾಡಿಸಿಕೊಂಡವರ ಕಡೆಯಿಂದ ಬಂದ ಉತ್ತರವದು. ಮೂರು ವರ್ಷಗಳ ನಂತರ, 1928ರ ಜನವರಿಯಲ್ಲಿ ಸಬರಮತಿಯಲ್ಲಿ ಸೇರಿದ ಅಂತರಧರ್ಮೀಯ ಸ್ನೇಹಕೂಟದಲ್ಲಿ ಅವರು ಈ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡರು. ಇನ್ನೊಬ್ಬನಿಗಾಗಿ ಪ್ರಾರ್ಥಿಸುವವನು, ತನಗೆ ದೊರೆತ ಬೆಳಕೇ ಆತನಿಗೂ ದೊರೆಯಲೆಂದು ಬೇಡದೆ, ಆತನ ಪೂರ್ಣ ವಿಕಾಸಕ್ಕೆ ಬೇಕಾದ ಬೆಳಕು ಆತನಿಗೆ ದೊರೆಯಲೆಂದು ಬೇಡಬೇಕೆಂಬುದು ಅವರ ವಾದದ ತಿರುಳು. ಗೋಸ್ಕರದ ಎರಡು ಅರ್ಥಗಳನ್ನು ಬೇರ್ಪಡಿಸಿದ ಮಾತಿದು. ಸುವಾರ್ತೆ ಎಲ್ಲರಿಗೂ ಸಲ್ಲಬೇಕೆಂದು ನಂಬಿದ ಕ್ರೈಸ್ತರಿಗೆ ಇದು ಪೂರ್ತಿ ಒಪ್ಪಿಗೆಯಾಗುವ ಸೂತ್ರವಲ್ಲ, ಆಗಬೇಕೆಂದೂ ಇಲ್ಲ. ಆದರೆ ಅದನ್ನು ಕೇಳಿದ ಮೇಲೆ ಹಳೆಯ ವಾಕ್ಯವನ್ನು ಹಳೆಯ ನಿಶ್ಚಿಂತೆಯಿಂದ ಮಕ್ಕಳಿಗೆ ಹೇಳಿಕೊಡುವುದು ಸುಲಭವಾಗಿ ಉಳಿಯಲಿಲ್ಲ.

ರೋಮಿನ ವಿಧಿಯಲ್ಲಿ ಬದಲಾವಣೆ ಬರಲು ಯುರೋಪಿನ ಯೆಹೂದ್ಯರ ಸಂಹಾರದಂತಹ ಮಹಾಪಾತಕವೇ ನಡೆಯಬೇಕಾಯಿತು. 1955ರ ಸುಧಾರಣೆ ಯೆಹೂದ್ಯರ ವಿಜ್ಞಾಪನೆಗೂ ಮೊಣಕಾಲೂರುವುದನ್ನು ಮರಳಿ ತಂದಿತು. 1959ರಲ್ಲಿ ಇಪ್ಪತ್ತಮೂರನೆಯ ಜಾನ್ ಪೋಪರು ಅದರ ನಿಂದಾತ್ಮಕ ವಿಶೇಷಣವನ್ನು ತೆಗೆಸಿದರು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕ್ರೈಸ್ತೇತರ ಧರ್ಮಗಳ ಕುರಿತ ಘೋಷಣೆಯನ್ನು 2,221 ಪರ, 88 ವಿರುದ್ಧ ಮತಗಳಿಂದ ಅಂಗೀಕರಿಸಿತು. 1970ರ ಪ್ರಾರ್ಥನಾಗ್ರಂಥದಲ್ಲಿ ಯೆಹೂದ್ಯರು ದೇವರ ವಾಣಿಯನ್ನು ಮೊದಲು ಕೇಳಿದವರಾಗಿ ಕಾಣಿಸಿಕೊಂಡರು. ‘ವಿಗ್ರಹಾರಾಧಕರು’ ಮಾಯವಾಗಿ ಆ ಸ್ಥಾನದಲ್ಲಿ ‘ಕ್ರಿಸ್ತನಲ್ಲಿ ನಂಬಿಕೆಯಿಲ್ಲದವರು’ ಬಂದರು. ಅವರು ಪ್ರಾಮಾಣಿಕ ಹೃದಯದಿಂದ ನಡೆದು ಸತ್ಯವನ್ನು ಕಾಣಲೆಂಬುದು ಬೇಡಿಕೆ. 2008ರಲ್ಲಿ ಹಳೆಯ ವಿಧಿಯನ್ನು ಅನುಸರಿಸುವವರಿಗೆಂದು ಹದಿನಾರನೆಯ ಬೆನೆಡಿಕ್ಟ್ ಬರೆದ ಪರ್ಯಾಯ ರೂಪ ಮತ್ತೆ ವಿವಾದಕ್ಕೆ ಗುರಿಯಾಯಿತು. ಪ್ರಶ್ನೆ ಮುಗಿದಿಲ್ಲವೆಂಬುದಕ್ಕೆ ಅದು ಸಾಕ್ಷಿ. 1986ರಲ್ಲಿ ಅಸ್ಸೀಸಿಯಲ್ಲಿ ಎರಡನೆಯ ಜಾನ್ ಪಾಲ್ ನಾನಾ ಧರ್ಮಗಳ ಮುಖಂಡರನ್ನು ಕರೆದಾಗ, ಅಲ್ಲಿ ನಡೆದುದು ಒಟ್ಟಾಗಿ ಸೇರಿ ಪ್ರಾರ್ಥಿಸುವುದೇ ಹೊರತು ಒಂದೇ ಪ್ರಾರ್ಥನೆಯನ್ನು ಹೇಳುವುದಲ್ಲವೆಂದು ಎಚ್ಚರದಿಂದ ವ್ಯತ್ಯಾಸ ಮಾಡಲಾಯಿತು. ‘ಒಡನೆ’ ಎಂಬುದು ಅಲ್ಲಿಯೂ ಅರ್ಧದಲ್ಲೇ ನಿಂತಿತು.

ನಾಣ್ಯದ ಕಥೆಗೂ ಭಾರತದಿಂದ ಒಂದು ಉತ್ತರ ಬಂದಿದೆ. ಎರಡನೆಯ ಮಹಾಯುದ್ಧದ ಗಾಯಗಳು ಮಾಯದಿದ್ದ 1956ರಲ್ಲಿ, ಏಷ್ಯಾದ ದೇಶಗಳಲ್ಲಿ ಸಂಚರಿಸುತ್ತಿದ್ದ ಕ್ರೈಸ್ತ ಮಹಿಳೆಯರ ತಂಡದಲ್ಲಿದ್ದ ಭಾರತದ ಶಾಂತಿ ಸೋಲೊಮನ್ ಅವರಿಗೆ ಕೊರಿಯಾ ಪ್ರವೇಶ ದೊರೆಯಲಿಲ್ಲ. ಹೊರಗುಳಿದ ಆ ದಿನಗಳಲ್ಲಿ ಅವರಿಗೆ ಹೊಳೆದ ಯೋಜನೆಯೇ ‘ಅತ್ಯಲ್ಪ ನಾಣ್ಯದ ಸಹವಾಸ’: ತಮ್ಮೊಡನೆ ವೈಮನಸ್ಯವಿರುವವರಿಗಾಗಿ ಪ್ರಾರ್ಥಿಸಿದಾಗಲೆಲ್ಲ ತಮ್ಮ ದೇಶದ ಅತಿ ಚಿಕ್ಕ ನಾಣ್ಯವೊಂದನ್ನು ತೆಗೆದಿಡುವುದು. ಸಿರಿವಂತಳೂ ಬಡವಳೂ ಅತಿ ಚಿಕ್ಕ ನಾಣ್ಯವನ್ನೇ ಇಡಬೇಕು. ಹೆಚ್ಚು ಕೊಡುವ ಅವಕಾಶವಿಲ್ಲ. ಬಾಸೆಲಿನ ಡಬ್ಬಿಯಲ್ಲಿ ನಾಣ್ಯ ಕೊಡುವವರಿಂದ ಪಡೆಯುವವರತ್ತ ಇಳಿಯುತ್ತಿತ್ತು. ಇಲ್ಲಿ ನಾಣ್ಯ ಕೊಡುವವಳ ಮನಸ್ಸಿನ ಲೆಕ್ಕಕ್ಕೆ ಗುರುತು. ಹೆಂಗಸರ ಚಳವಳಿಯಾಗಿ ಹುಟ್ಟಿದ ಇದು ಮಕ್ಕಳ ಪಾಠವಾಗಲು ತಕ್ಕದ್ದು. ಏಕೆಂದರೆ ಮಗುವಿಗೆ ಜಗಳ ಗೊತ್ತು, ದೂರದ ಖಂಡ ಗೊತ್ತಿಲ್ಲ.

ಹಳೆಯ ರೂಪ ಅಷ್ಟರಲ್ಲಿ ಕೊನೆಗೊಂಡಿತೆಂದು ಭಾವಿಸಲಾಗದು. 1964ರಿಂದ ಪ್ಯಾಟ್ರಿಕ್ ಜಾನ್‌ಸ್ಟನ್ ಸಂಪಾದಿಸುತ್ತ ಬಂದ, ದೇಶದೇಶಗಳ ಮತಾಂಶಗಳನ್ನು ಅಂಕಿಗಳೊಡನೆ ಕೊಡುವ ಪ್ರಾರ್ಥನಾ ಕೈಪಿಡಿಗೆ 1990ರ ದಶಕದಲ್ಲಿ ಜಿಲ್ ಜಾನ್‌ಸ್ಟನ್ ಮಕ್ಕಳ ಆವೃತ್ತಿಯನ್ನು ಬರೆದರು. ಅದರಲ್ಲಿ ನಕ್ಷೆ, ಉಡುಗೆ, ಊಟ, ಆಟಗಳ ವಿವರವಿದ್ದು ದೂರದ ಮಗುವಿಗೆ ಒಂದು ಬದುಕು ದೊರಕಿದೆ. ಈ ಮಟ್ಟಿಗೆ ಅದು ತಲೆಯಾಡಿಸುವ ಬೊಂಬೆಗಿಂತ ಬಹಳ ಮುಂದೆ ಬಂದಿದೆ. ಉದ್ದೇಶ ಮಾತ್ರ ಬದಲಾಗಿಲ್ಲ. 1999ರ ಅಕ್ಟೋಬರಿನಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರ ಮಿಷನ್ ಮಂಡಲಿ ದೀಪಾವಳಿಯ ದಿನಗಳಿಗೆಂದು ಹಿಂದೂಗಳಿಗಾಗಿ ಪ್ರಾರ್ಥಿಸುವ ಕಿರುಪುಸ್ತಿಕೆಯನ್ನು ಹೊರಡಿಸಿ, ಕೋಟ್ಯಂತರ ಜನ ಕತ್ತಲಲ್ಲಿ ಕಳೆದುಹೋಗಿದ್ದಾರೆಂದು ಅದರಲ್ಲಿ ವರ್ಣಿಸಿತು. ಬೆಳಕಿನ ಹಬ್ಬದ ದಿನ ಕತ್ತಲೆಯ ಆರೋಪ. ಭಾರತದಲ್ಲಿಯೂ ಅಮೆರಿಕದಲ್ಲಿಯೂ ಪ್ರತಿಭಟನೆಗಳಾದವು. ಅದೇ ವರ್ಷದ ಜನವರಿಯಲ್ಲಿ ಒರಿಸ್ಸಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಗಂಡುಮಕ್ಕಳು ಸಜೀವ ದಹನಕ್ಕೆ ಒಳಗಾಗಿದ್ದರು. ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿದ್ದರು. ಪುಸ್ತಿಕೆಯನ್ನು ಬರೆದವರು ಸಾಗರದಾಚೆಗಿದ್ದರು. ಅದರ ಪರಿಣಾಮವನ್ನು ಅನುಭವಿಸಬೇಕಾಗಿದ್ದವರು ಮಾತ್ರ ಇಲ್ಲಿನ ಸಣ್ಣ ಊರುಗಳ ಕ್ರೈಸ್ತರು, ಅವರ ಮಕ್ಕಳು ಸೇರಿ.

ಹೀಗಾಗಿ ಈ ಬೋಧನೆಯನ್ನು ಗಡಿನಾಡುಗಳಲ್ಲಿ ಪರಿಶೀಲಿಸುವುದಕ್ಕೆ ವಿಶೇಷ ಅರ್ಥವಿದೆ. ಕಾಸರಗೋಡಿನ ಬೇಳದಂತಹ ಇಗರ್ಜಿಯ ಕಥೋಲಿಕ ಮಗು ಮನೆಯಲ್ಲಿ ಕೊಂಕಣಿಯಲ್ಲಿ ಜಪಮಾಲೆ ಹೇಳುತ್ತದೆ, ಶಾಲೆಯಲ್ಲಿ ಕನ್ನಡವನ್ನೋ ಮಲಯಾಳವನ್ನೋ ಓದುತ್ತದೆ, ಬಯಲಲ್ಲಿ ತುಳುವಿನಲ್ಲಿ ಆಡುತ್ತದೆ. ಅದರ ಬೆಂಚಿನ ಸಂಗಾತಿಗಳು ಬ್ಯಾರಿ ಮನೆಯವರಾಗಿರಬಹುದು, ಹವ್ಯಕರೋ ಬಂಟರೋ ತೀಯರೋ ಆಗಿರಬಹುದು. ಮತದ ಲೆಕ್ಕದಲ್ಲಿಯೂ ನುಡಿಯ ಲೆಕ್ಕದಲ್ಲಿಯೂ ಆ ಮಗು ಅಲ್ಪಸಂಖ್ಯಾತ. ಯೆರೆಮೀಯ ಪತ್ರ ಬರೆದ ಸೆರೆಯಾಳುಗಳಿಗೆ ಅದು ಫೋರ್ಬ್ಯಾಂ-ಜಾನ್ಸೋಂ ಅವರ ಪ್ಯಾರಿಸಿನ ಮಕ್ಕಳಿಗಿಂತ ಹತ್ತಿರ. ಕಾಸರಗೋಡಿನ ಬಿ.ಇ.ಎಂ. ಶಾಲೆಯಂತಹ ಬಾಸೆಲ್ ಪರಂಪರೆಯ ವಿದ್ಯಾಸಂಸ್ಥೆಗಳಲ್ಲಿ ಪ್ರಶ್ನೆ ತಿರುವುಮುರುವಾಗಿ ನಿಲ್ಲುತ್ತದೆ: ಪ್ರಾರ್ಥಿಸಲ್ಪಡುವವರೇ ಅಲ್ಲಿ ತರಗತಿಯ ತುಂಬ ಇರುತ್ತಾರೆ. ಸಂವಿಧಾನದ 28ನೆಯ ಅನುಚ್ಛೇದದ ಪ್ರಕಾರ ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಒಳಪಡಿಸುವಂತಿಲ್ಲ. ಈ ನಿಯಮ ಕ್ರೈಸ್ತೇತರ ಮಗುವನ್ನು ಕಾಪಾಡುವಂತೆಯೇ, ಬೇರೆ ಆಡಳಿತದ ಶಾಲೆಯಲ್ಲಿ ಓದುವ ಕ್ರೈಸ್ತ ಮಗುವನ್ನೂ ಕಾಪಾಡುತ್ತದೆ. ಶಾಲೆಯ ಬೆಳಗಿನ ಸಭೆಯಲ್ಲಿ ಹೇಳುವ ಪ್ರಾರ್ಥನೆ ನೆರೆದ ಎಲ್ಲರ ಕಿವಿಗೂ ಬೀಳುವಂಥದು; ಅಲ್ಲಿ ‘ಅವರು’ ಎಂಬ ಸರ್ವನಾಮಕ್ಕೆ ಜಾಗ ಸಿಗುವುದು ಕಷ್ಟ.

ಭಾನುವಾರದ ಶಾಲೆಯಲ್ಲಿ ಅದು ಸಿಗುತ್ತದೆ, ಆದ್ದರಿಂದ ನಿಜವಾದ ಪರೀಕ್ಷೆ ಅಲ್ಲಿಯೇ. ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ 1876ರಲ್ಲಿ ಹುಟ್ಟಿ, ಮುಂದೆ ನೀಲಗಿರಿಯ ಕೂನೂರಿನಲ್ಲಿ ನೆಲೆಗೊಂಡು, ಬೋಧಕರಿಗೆ ಮಕ್ಕಳ ಮನಶ್ಶಾಸ್ತ್ರವನ್ನೂ ಪಾಠಕ್ರಮವನ್ನೂ ಕಲಿಸಿತು. ಬಡಗರ ಹಟ್ಟಿಗಳಿಂದ ಕೂಗಳತೆಯ ದೂರದಲ್ಲಿ ಸಿದ್ಧವಾದ ಪಾಠಗಳು ಇಡೀ ದೇಶಕ್ಕೆ ಹೋದವು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಷನ್ನಿನ ಕನ್ನಡ ಮುದ್ರಣಗಳಿವೆ. ಬಾಸೆಲಿನ ಪತ್ರಾಗಾರದಲ್ಲಿ ಠಾಣೆಗಳ ಜರ್ಮನ್ ವರದಿಗಳಿವೆ. ಮಕ್ಕಳ ಪ್ರಾರ್ಥನೆಗಳನ್ನು ಕ್ಷುಲ್ಲಕವೆಂದು ಬದಿಗಿಡದೆ, ಒಂದರಲ್ಲಿ ಬರುವ ‘ಗೋಸ್ಕರ’ವನ್ನು ಇನ್ನೊಂದರಲ್ಲಿ ಬರುವ ‘ಫ್ಯೂರ್’ ಎಂಬ ಜರ್ಮನ್ ಪದದೊಡನೆ ಇಟ್ಟು ಓದಬಲ್ಲವರು, ಅವೆರಡನ್ನೂ ಕೇತಿಯ ಹಿರಿಯರು ಕರುವಿನ ಮುಂದೆ ನಿಂತು ಹೇಳುತ್ತಿದ್ದ ಪಾಪಗಳ ಪಟ್ಟಿಯ ಪಕ್ಕದಲ್ಲಿ ತಂದಿಡಬಲ್ಲವರು, ಈ ಎರಡು ಮೂರು ಭಾಷೆಗಳ ನಡುವೆ ಬದುಕುವ ವಿದ್ವಾಂಸರೇ. ಬಡಗ ನುಡಿಯ ಲೂಕನ ಸುವಾರ್ತೆಯಲ್ಲಿ ನೆರೆಯವನು ಯಾರೆಂದು ಕೇಳುವ ಶಾಸ್ತ್ರಿಗೆ ಹೇಳಿದ ಸಮಾರ್ಯದವನ ಕಥೆಯೂ ಇದೆ; ಆ ಕಥೆಯಲ್ಲಿ ಅನ್ಯಮತೀಯನು ಸಹಾಯ ಪಡೆಯುವವನಲ್ಲ, ಸಹಾಯ ಮಾಡುವವನು.